ಹಳದಿ ಬಳೆಯ ಕೊಕ್ಕರೆಯೂ ನಮ್ಮ ಅತ್ತಿಗೆಯೂ

ನಮ್ಮ ಅತ್ತಿಗೆಗೆ ಬಾಯಿ ಮುಚ್ಚಿಕೊಂಡಿರುವ ಕೆಲಸ ಸಿಕ್ಕಿತು ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಅಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, "ದಿನಕ್ಕೆ ಎಷ್ಟು ನಿಮಿಷ?" ಎಂದು ಕೇಳಿದಳು.

"ಎಂಟು ಗಂಟೆ ಅತ್ತೆ," ಎಂದಳು ಅತ್ತಿಗೆ.

ಅಣ್ಣ ಗೋಡೆಯ ಕಡೆ ತಿರುಗಿಕೊಂಡ. ಅವನ ಬೆನ್ನು ಕುಲುಕುತ್ತಿದ್ದುದನ್ನು ನೋಡಿಯೇ ನಗುತ್ತಿದ್ದಾನೆಂದು ಗೊತ್ತಾಯಿತು. ಆ ಕೆಲಸಕ್ಕೆ ಅವಳ ಹೆಸರು ಹೇಳಿದವಳು ನಾನೇ ಆದ್ದರಿಂದ ನನಗೆ ನಗು ಬರಲಿಲ್ಲ.

ಅಣ್ಣನ ಹೆಂಡತಿಯಾದರೂ ವಯಸ್ಸಿನಲ್ಲಿ ಅವಳು ನನಗಿಂತ ಒಂದು ವರ್ಷ ಚಿಕ್ಕವಳು. ಬಹುವಚನವೆಲ್ಲ ಮದುವೆಯಾದ ತಿಂಗಳೊಳಗೇ ಉದುರಿಹೋಯಿತು. ಬೀದಿಯವರು ಅವಳಿಗೆ ಇಟ್ಟ ಹೆಸರು ‘ರೇಡಿಯೊ’. ಕರೆಂಟು ಹೋದರೂ ನಿಲ್ಲದ ರೇಡಿಯೊ. ಹಿಟ್ಟು ನಾದುವಾಗ ಹಿಟ್ಟಿನ ಜೊತೆ, ಬಟ್ಟೆ ಒಗೆಯುವಾಗ ಬಕೆಟ್ಟಿನ ಜೊತೆ, ಬೀಗ ಹಾಕುವಾಗ ಬೀಗದ ಜೊತೆ ಮಾತಾಡುತ್ತಾಳೆ. "ಯಾರ ಹತ್ರ ಮಾತಾಡ್ತಿದ್ದೀಯ?" ಎಂದು ಕೇಳಿದರೆ, "ನಾನಾ? ಇಲ್ವಲ್ಲ" ಎನ್ನುತ್ತಾಳೆ. ಸುಳ್ಳು ಹೇಳುತ್ತಾಳೆಂದೇ ಹತ್ತು ವರ್ಷ ನಾನು ತಿಳಿದುಕೊಂಡಿದ್ದೆ. ನನಗೂ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಆ ವಿಷಯಕ್ಕೆ ನಾವು ಎಷ್ಟು ಸಲ ಜಗಳವಾಡಿದ್ದೇವೋ ಲೆಕ್ಕವಿಲ್ಲ.

ನಾನು ಗಂಡನ ಮನೆ ಬಿಟ್ಟು ಬಂದ ಮೇಲೆ ಸೇರಿಕೊಂಡದ್ದು ಜೌಗು ಪ್ರದೇಶದ ಅಂಚಿನಲ್ಲಿರುವ ಕೊಕ್ಕರೆ ಕೇಂದ್ರಕ್ಕೆ. ಆ ಜೌಗಿನಲ್ಲಿ ಕೆಂಪು ನೆತ್ತಿಯ ದೊಡ್ಡ ಕೊಕ್ಕರೆಗಳು ಉಳಿದದ್ದು ಹನ್ನೊಂದೇ. ಅವು ಇಟ್ಟ ಮೊಟ್ಟೆಗಳಲ್ಲಿ ಕೆಲವನ್ನು ತಂದು, ಮರಿ ಮಾಡಿ, ಬೆಳೆಸಿ, ಮತ್ತೆ ಜೌಗಿಗೇ ಬಿಡುವುದು ಕೇಂದ್ರದ ಕೆಲಸ. ನನ್ನದು ಅಡುಗೆಮನೆ. ಸಣ್ಣ ಮೀನು ಹೆಚ್ಚುವುದು, ಕಾಳು ನೆನೆಸುವುದು, ತೂಕ ಮಾಡಿ ಬಟ್ಟಲಿಗೆ ಹಾಕುವುದು. ಮರಿ ಸಾಕುವವರ ಬಿಳಿ ನಿಲುವಂಗಿ ಒಗೆಯುವುದೂ ನಾನೇ.

ಆ ನಿಲುವಂಗಿಯಲ್ಲೇ ಇರುವುದು ಎಲ್ಲ. ಮೊಟ್ಟೆಯೊಡೆದು ಬಂದ ಮರಿ ಮೊದಲು ಯಾರನ್ನು ನೋಡುತ್ತದೋ, ಯಾರ ದನಿ ಕೇಳುತ್ತದೋ ಅವರನ್ನೇ ತಾಯಿ ಎಂದುಕೊಳ್ಳುತ್ತದೆ. ಕೇಂದ್ರ ನಡೆಸುತ್ತಿದ್ದ ಡಾಕ್ಟರಮ್ಮ ಇದಕ್ಕೆ ‘ಅಚ್ಚು ಬೀಳುವುದು’ ಎನ್ನುತ್ತಿದ್ದರು. ಮನುಷ್ಯರ ಅಚ್ಚು ಬಿದ್ದ ಕೊಕ್ಕರೆ ಮನುಷ್ಯರ ಹಿಂದೆಯೇ ಹೋಗುತ್ತದೆ. ಬಂದೂಕಿನವನಾದರೂ ಸರಿ, ಬಸ್ಸಾದರೂ ಸರಿ. ಅದಕ್ಕೇ ಸಾಕುವವರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದ್ದು, ಮುಖಕ್ಕೆ ಜಾಲರಿ ಕಟ್ಟಿ, ಒಂದು ಕೈಗೆ ಕೊಕ್ಕರೆಯ ತಲೆಯ ಬೊಂಬೆ ತೊಟ್ಟು, ಆ ಬೊಂಬೆಯ ಕೊಕ್ಕಿನಿಂದಲೇ ಮೀನು ತಿನ್ನಿಸಬೇಕು. ಸೊಂಟದಲ್ಲಿ ಕಟ್ಟಿದ ಪುಟ್ಟ ಸ್ಪೀಕರಿನಿಂದ ತಾಯಿಕೊಕ್ಕರೆಯ ಗುರುಗುರು ಸದ್ದು ಬರುತ್ತದೆ. ಸಾಕುವವರು ತುಟಿ ಬಿಚ್ಚುವ ಹಾಗಿಲ್ಲ. ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಬೇಕು.

ಇಂಥ ಕೆಲಸಕ್ಕೆ ನಮ್ಮ ರೇಡಿಯೊ ಸೇರಿದಳು. ಸೇರಿದ ವಾರವೇ ಡಾಕ್ಟರಮ್ಮನ ಕೋಣೆಯ ಗೋಡೆಯ ಮೇಲಿದ್ದ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಬಂದಳು. ಚಿಂತೆಯಿಲ್ಲ, ಅಪಾಯಕ್ಕೆ ಹತ್ತಿರ, ದುರ್ಬಲ, ಅಳಿವಿನಂಚು, ತೀವ್ರ ಅಳಿವಿನಂಚು, ಕಾಡಿನಲ್ಲಿ ನಿರ್ನಾಮ, ಪೂರ್ತಿ ನಿರ್ನಾಮ. ಒಂದು ಜೀವಿ ಈ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ದೊಡ್ಡವರು ಕೂತು ತೀರ್ಮಾನಿಸುತ್ತಾರಂತೆ. ನಮ್ಮ ಮನೆಯಲ್ಲಿ ಅತ್ತಿಗೆಯೊಬ್ಬಳೇ ಕೂತು ತೀರ್ಮಾನಿಸತೊಡಗಿದಳು. ಸಕ್ಕರೆ ಡಬ್ಬ ಅಪಾಯಕ್ಕೆ ಹತ್ತಿರ. ಅಣ್ಣನ ತಲೆಗೂದಲು ತೀವ್ರ ಅಳಿವಿನಂಚು. ಅಮ್ಮ ಸೋಫಾದ ಮೇಲೆ ಕೂರುವ ಜಾಗಕ್ಕೆ ಯಾರಾದರೂ ಹೋದರೆ, "ಅದು ಅತ್ತೆಯ ಆವಾಸಸ್ಥಾನ, ಅತಿಕ್ರಮಣ ಮಾಡಬೇಡಿ!" ಎಂದು ಕೂಗುತ್ತಿದ್ದಳು. ಅಮ್ಮನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಒಂದು ದಿನ ಅವಳೇ ಖಾಲಿ ಪಾತ್ರೆ ತೋರಿಸಿ, "ನೋಡೇ, ನಿರ್ನಾಮ," ಎಂದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ತಮಾಷೆ ಮನೆಯಲ್ಲಿ. ಕೇಂದ್ರದಲ್ಲಿ ಅವಳಷ್ಟು ಶ್ರದ್ಧೆಯಿಂದ ಕೆಲಸ ಮಾಡಿದವರು ಇನ್ನೊಬ್ಬರಿಲ್ಲ. ಆ ವರ್ಷ ಏಳು ಮರಿ. ಏಳನೆಯದು ಎಲ್ಲಕ್ಕಿಂತ ತಡವಾಗಿ ಹೊರಬಂತು. ಒದ್ದೆ ಹತ್ತಿಯ ಉಂಡೆಯಷ್ಟೇ ಇತ್ತು, ನಾಲ್ಕು ದಿನ ಏನನ್ನೂ ಮುಟ್ಟಲಿಲ್ಲ. ಗುರುತಿಗೆ ಅದರ ಕಾಲಿಗೆ ಹಳದಿ ಬಳೆ ತೊಡಿಸಿದ್ದರಿಂದ ಎಲ್ಲರಿಗೂ ಅದು ‘ಹಳದಿ’. ಡಾಕ್ಟರಮ್ಮ ಅದನ್ನು ಬೇರೆ ಗೂಡಿನಲ್ಲಿಟ್ಟು ಅತ್ತಿಗೆಯನ್ನು ಅದಕ್ಕೇ ನೇಮಿಸಿದರು. ಹದಿನೆಂಟು ದಿನ ಅವಳು ಅದೊಂದರ ಜೊತೆ ಆ ಗೂಡಿನಲ್ಲಿ ಕೂತಳು. ಐದನೆಯ ದಿನ ಅದು ಮೊದಲ ಮೀನು ನುಂಗಿತು. ಆ ಸಂಜೆ ಅತ್ತಿಗೆ ಅಡುಗೆಮನೆಗೆ ಓಡಿಬಂದು, ಜಾಲರಿ ಕಿತ್ತೆಸೆದು, ಎಂಟು ಗಂಟೆ ಕಟ್ಟಿಟ್ಟಿದ್ದ ಮಾತನ್ನೆಲ್ಲ ನನ್ನ ಮೇಲೆ ಸುರಿದಳು. "ಬದುಕಿತು ಕಣೇ! ಇನ್ನು ಇದಕ್ಕೆ ನಮ್ಮ ಸಹವಾಸವೇ ಬೇಡ, ನಮ್ಮನ್ನ ಕಂಡ್ರೆ ಹಾರಿಹೋಗ್ಬೇಕು, ಅಷ್ಟಾದ್ರೆ ಸಾಕು!" ಎಂದಳು.

ಐದು ತಿಂಗಳಿಗೆ ಏಳನ್ನೂ ಜೌಗಿಗೆ ಬಿಟ್ಟರು. ಹದಿನಾಲ್ಕನೆಯ ದಿನ ಬೆಳಿಗ್ಗೆ ಫೋನು ಬಂತು.

ಪೇಟೆಯ ಹೊಲಿಗೆ ಅಂಗಡಿಯೊಂದರಿಂದ. ಆರು ಜನ ಹೆಂಗಸರು ಸಾಲಾಗಿ ಮಷಿನ್ ಇಟ್ಟುಕೊಂಡು ದಿನವಿಡೀ ಹೊಲಿಯುತ್ತ ಹರಟುವ ಅಂಗಡಿ. ಎದೆಯೆತ್ತರದ ಹಕ್ಕಿಯೊಂದು ಬಾಗಿಲಲ್ಲಿ ಬಂದು ನಿಂತಿದೆ, ಓಡಿಸಿದರೂ ಹೋಗುತ್ತಿಲ್ಲ, ಮಾತು ನಿಲ್ಲಿಸಿದರೆ ತಲೆ ಓರೆ ಮಾಡಿ ನೋಡುತ್ತದೆ, ಮಾತಾಡಿದರೆ ಒಳಗೇ ಬರುತ್ತದೆ ಎಂದರು. ಕಾಲಲ್ಲಿ ಹಳದಿ ಬಳೆ.

ನಾವು ಹೋಗುವಷ್ಟರಲ್ಲಿ, ಗಿರಾಕಿಯೊಬ್ಬಳ ಹಿಂದೆ ರಸ್ತೆ ದಾಟುವಾಗ ವ್ಯಾನೊಂದು ಅದರ ರೆಕ್ಕೆಗೆ ತಾಗಿಸಿಕೊಂಡು ಹೋಗಿತ್ತು. ಮತ್ತೆ ಅಂಗಡಿಯೊಳಗೇ ಬಂದು ಚಿಂದಿ ಬಟ್ಟೆಯ ರಾಶಿಯ ಮೇಲೆ ಕೂತಿತ್ತು. ಸುತ್ತ ಹೆಂಗಸರು, ಕತ್ತರಿಗಳು, ನೂಲಿನ ಉಂಡೆಗಳು. ಅದಕ್ಕೆ ಒಂದಿಷ್ಟೂ ಹೆದರಿಕೆಯಿರಲಿಲ್ಲ. ಅತ್ತಿಗೆ ಒಳಗೆ ಬಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಡಾಕ್ಟರಮ್ಮ ದೊಡ್ಡ ಬುಟ್ಟಿಯಲ್ಲಿ ಹಕ್ಕಿಯನ್ನು ಮುಚ್ಚಿ ಎತ್ತಿಕೊಂಡರು. ಕೇಂದ್ರದ ಜೀಪಿನಲ್ಲಿ ಬುಟ್ಟಿಯನ್ನು ಇಟ್ಟರು. ಆಮೇಲೆ, "ಇದರ ಮುಂದೆ ಯಾರೋ ಮಾತಾಡಿದ್ದಾರೆ," ಎಂದರು. "ಒಂದೆರಡು ಸಲ ಅಲ್ಲ. ಬಹಳ."

ಕೇಂದ್ರಕ್ಕೆ ಮರಳಿದ ಮೇಲೆ ವಿಚಾರಣೆ. ಅತ್ತಿಗೆ ಎಲ್ಲರಿಗಿಂತ ಮೊದಲು ಎದ್ದು ನಿಂತಳು. ಗೂಡುಗಳ ಹೊರಗೆ ಕಸ ಗುಡಿಸುವ ಮುದುಕರೊಬ್ಬರಿದ್ದರು, ಪೊರಕೆ ಹಿಡಿದರೆ ಸೀಟಿ ಹೊಡೆಯುವ ಚಾಳಿ. ಎಲ್ಲರಿಗೂ ಅವರು ಸೀಟಿ ತಾತ.

"ಮೇಡಂ, ಬೇರೆ ಯಾರನ್ನೂ ಕೇಳ್ಬೇಡಿ," ಎಂದಳು ಅತ್ತಿಗೆ. ಸಿಟ್ಟಿಗೆ ಅವಳ ಕತ್ತಿನ ನರ ಉಬ್ಬಿತ್ತು. "ಇವರು ಗೋಡೆ ಪಕ್ಕದಲ್ಲೇ ಸೀಟಿ ಹೊಡ್ಕೊಂಡು ತಿರುಗ್ತಾರೆ. ಯಾರ ಜೊತೆನೋ ಹರಟ್ತಾರೆ. ಹದಿನೆಂಟು ದಿನ ನಾನು ಉಸಿರೂ ಜೋರಾಗಿ ಬಿಟ್ಟಿಲ್ಲ ಮೇಡಂ!"

"ಸೀಟಿ ಹೊಡೀತೀನಿ, ಇಲ್ಲ ಅನ್ನಲ್ಲ," ಎಂದರು ತಾತ. "ಗೂಡಿನ ಹತ್ರ ಹೊಡೆದಿಲ್ಲ. ಹರಟೋಕೆ ನಂಗೆ ಯಾರಿದ್ದಾರಮ್ಮ?"

"ನೀನೂ ಕೇಳಿದ್ದೀಯಲ್ವೇನೇ?" ಎಂದು ಅತ್ತಿಗೆ ನನ್ನ ಕಡೆ ತಿರುಗಿದಳು. ಸೀಟಿ ನಾನು ಕೇಳಿದ್ದು ನಿಜ. ಎಲ್ಲಿ ಕೇಳಿದ್ದು ಎಂದು ನೆನಪಿರಲಿಲ್ಲ. ಆದರೂ ತಲೆಯಾಡಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅತ್ತಿಗೆ ಹೆಗಲು ಮುಟ್ಟಿಕೊಳ್ಳಲಿಲ್ಲ, ಎದೆ ಸೆಟೆಸಿ ನಿಂತಿದ್ದಳು. ತಾತ ಮಾತ್ರ ತಡವರಿಸುತ್ತಿದ್ದರು. ಯಾರಾದರೂ ಏನು ತೀರ್ಮಾನಕ್ಕೆ ಬರುತ್ತಾರೆ? ಅವರನ್ನು ಗೂಡುಗಳ ಕಡೆಯಿಂದ ತೆಗೆದು ಹಿಂದಿನ ಗೋಡೌನಿಗೆ ಹಾಕಿದರು.

ಹದಿನಾರು ದಿನ ಕಳೆದ ಮೇಲೆ ಡಾಕ್ಟರಮ್ಮ ನಮ್ಮನ್ನೆಲ್ಲ ಮೀಟಿಂಗ್ ಕೋಣೆಗೆ ಕರೆದರು. ತಾತನನ್ನೂ ಕರೆಸಿದ್ದರು. ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟು ಕಪ್ಪು ಪೆಟ್ಟಿಗೆಯೊಂದಿತ್ತು.

"ಮರಿಯ ದನಿ ಯಾವ ದಿನದಿಂದ ಬದಲಾಗುತ್ತೆ ಅಂತ ನೋಡೋಕೆ ಇದನ್ನ ಹಳದಿಯ ಗೂಡಿನ ಸೂರಲ್ಲಿ ಇಟ್ಟಿದ್ದೆ," ಎಂದರು. "ನೂರಾರು ಗಂಟೆಯ ಸದ್ದು. ಕೂತು ಕೇಳೋಕೆ ಪುರುಸೊತ್ತೇ ಆಗಿರಲಿಲ್ಲ. ನಿನ್ನೆ ಕೇಳಿದೆ." ಅವರ ಮುಖ ಬಿಳಿಚಿಕೊಂಡಿತ್ತು.

ಗುಂಡಿ ಒತ್ತಿದರು. ಮೊದಲು ಹುಲ್ಲಿನ ಸರಸರ. ಮರಿಯ ಪೀ ಪೀ. ಸ್ಪೀಕರಿನ ಗುರುಗುರು. ಆಮೇಲೆ ಒಂದು ಹೆಣ್ಣುದನಿ, ಬಹಳ ಮೆಲ್ಲಗೆ, ಬಿಡುವೇ ಇಲ್ಲದೆ:

"ತಿನ್ನು ಕಂದ, ಇದೊಂದು ತಿಂದುಬಿಡು. ಬೇಡ ಅಂತ ಮುಖ ತಿರುಗಿಸ್ತೀಯಾ? ನಮ್ಮತ್ತೆನೂ ಹೀಗೇ. ಬೇಡ ಬೇಡ ಅಂತಾರೆ, ಆಮೇಲೆ ಪಾತ್ರೆ ತಳ ಕೆರೀತಾರೆ. ಬಾ ಬಾ ಬಾ, ಹ್ಞಾಂ, ಜಾಣೆ..."

ಹಿಂದಿನ ಕುರ್ಚಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕು ತಟ್ಟನೆ ನಿಲ್ಲಿಸಿದರು. ಪಕ್ಕದಲ್ಲಿದ್ದ ಅತ್ತಿಗೆಯನ್ನು ನೋಡಿದೆ. ಅವಳು ಹುಬ್ಬು ಗಂಟಿಕ್ಕಿ, ಕತ್ತು ಮುಂದೆ ಚಾಚಿ ಕೇಳುತ್ತಿದ್ದಳು.

"ಯಾರೇ ಅದು?" ಎಂದು ನನ್ನ ಕಿವಿಯಲ್ಲಿ ಕೇಳಿದಳು. "ಥೇಟ್ ನನ್ನ ಹಾಗೇ ಮಾತಾಡ್ತಾಳಲ್ಲ?"

ದೇವರಾಣೆ, ಹಾಗೆಂದೇ ಕೇಳಿದಳು. ಪೆಟ್ಟಿಗೆಯೇ ಉತ್ತರ ಹೇಳಿತು.

"...ನನ್ನ ನಾದಿನಿ ಇದ್ದಾಳಲ್ಲ, ನಿಂಗೆ ಮೀನು ಹೆಚ್ಚೋಳು, ಮೂಗಿನ ಮೇಲೆ ಕೋಪ ಅವಳಿಗೆ. ಗಂಡನ್ನ ಬಿಟ್ಟು ಬಂದಾಗ, ಅಯ್ಯೋ ಇವಳ ಜೊತೆ ಹೆಂಗಪ್ಪ ಏಗೋದು ಅಂತ ಅತ್ತುಬಿಟ್ಟಿದ್ದೆ. ಈಗ ಅವಳು ಒಂದು ದಿನ ಮನೇಲಿಲ್ಲ ಅಂದ್ರೆ ನಂಗೆ ಅನ್ನ ಇಳಿಯಲ್ಲ. ಅವಳಿಗೆ ಹೇಳ್ಬೇಡ. ಹೇಳಿದ್ರೆ ತಲೆ ಮೇಲೆ ಕೂರ್ತಾಳೆ..."

ಅತ್ತಿಗೆಯ ಕೈ ಬಾಯಿಯ ಮೇಲೆ ಹೋಯಿತು. ಹತ್ತು ವರ್ಷದಲ್ಲಿ ಅವಳು ನನಗೆ ಹೇಳದ ಮಾತನ್ನು ಹದಿನಾಲ್ಕು ಜನರ ಮುಂದೆ ಒಂದು ಕಪ್ಪು ಪೆಟ್ಟಿಗೆಯಿಂದ ನಾನು ಕೇಳಬೇಕಾಯಿತು. ಅಳಬೇಕೋ, ಎದ್ದು ಹೋಗಿ ಅದನ್ನು ನೆಲಕ್ಕೆ ಬಡಿಯಬೇಕೋ ತಿಳಿಯದೆ ಗರ ಬಡಿದವಳಂತೆ ಕೂತಿದ್ದೆ. ಎಲುಬಿಲ್ಲದ ನಾಲಿಗೆ ಎನ್ನುತ್ತಾರೆ. ಒಡತಿಗೇ ತಿಳಿಯದಂತೆ ಅದು ಹದಿನೆಂಟು ದಿನ ಆಡಿತೆಂದರೆ ಇವತ್ತಿಗೂ ನನಗೆ ಮೈ ಝುಮ್ಮೆನ್ನುತ್ತದೆ.

"ಮನಸ್ಸಲ್ಲೇ ಅಂದ್ಕೊಂಡೆ ಮೇಡಂ," ಎಂದಳು ಅತ್ತಿಗೆ. "ನಿಜವಾಗ್ಲೂ ಮನಸ್ಸಲ್ಲೇ ಅಂದ್ಕೊಳ್ತಿದ್ದೀನಿ ಅಂತ್ಲೇ ತಿಳ್ಕೊಂಡಿದ್ದೆ."

ಡಾಕ್ಟರಮ್ಮ ಗುಂಡಿ ಒತ್ತಿ ನಿಲ್ಲಿಸಿದರು. ಆಗ ತಾತ ಕುರ್ಚಿಯಿಂದ ಎದ್ದರು. "ಹದಿನಾರು ದಿನ ಇಲಿಗಳ ಜೊತೆ ಇದ್ದೆ ಕಣಮ್ಮ," ಎಂದರು. "ನನ್ನ ಮೇಲೇ ನಂಗೆ ಅನುಮಾನ ಬಂದು, ಅವುಗಳ ಮುಂದೆಯೂ ಸೀಟಿ ಹೊಡೀಲಿಲ್ಲ." ಅತ್ತಿಗೆ ಅವರ ಕಾಲು ಹಿಡಿಯಲು ಬಗ್ಗಿದಳು. ಅವರು ಹಿಂದೆ ಸರಿದು ಹೊರಗೆ ಹೋದರು. ನಾನೂ ತಲೆಯಾಡಿಸಿದವಳು, ನನ್ನ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಕೆಲಸ ಹೋಗುತ್ತದೆ ಎಂದುಕೊಂಡೆವು. ಡಾಕ್ಟರಮ್ಮ ಹೇಳಿದ್ದು ಅದಕ್ಕಿಂತ ಕಠಿಣವಾದದ್ದು. ರೆಕ್ಕೆ ಕೂಡಿಕೊಂಡ ಮೇಲೂ ಹಳದಿ ಮನುಷ್ಯರ ದನಿಗೆ ಹೆದರದಿದ್ದರೆ ಅದನ್ನು ಬಿಡುವಂತಿಲ್ಲ, ಬದುಕಿರುವವರೆಗೆ ಪಂಜರ. ಉಳಿದಿರುವ ಹೆಣ್ಣುಗಳೇ ಕೆಲವು, ಅದರಲ್ಲಿ ಇದೂ ಒಂದು. ಜೌಗಿನ ಲೆಕ್ಕಕ್ಕೆ ಅದು ಸತ್ತ ಹಾಗೆಯೇ. ಒಂದೇ ದಾರಿ ಇರುವುದು. ಯಾವ ದನಿಯ ಅಚ್ಚು ಬಿದ್ದಿದೆಯೋ ಆ ದನಿಗೇ ಅದು ಹೆದರಬೇಕು, ಆಗ ಉಳಿದ ಮನುಷ್ಯರ ದನಿಗೂ ಹೆದರುತ್ತದೆ.

"ನೀವು ಹಾಗೇ ಕರೀಬೇಕು," ಎಂದರು ಅತ್ತಿಗೆಗೆ. "ಬಂದ ತಕ್ಷಣ ನಾವು ಬೆದರಿಸ್ತೀವಿ."

"ನನ್ನ ಕೈಲಾಗಲ್ಲ ಮೇಡಂ."

"ಹಾಗಾದ್ರೆ ಪಂಜರ."

ಅಂದು ಮನೆಯಲ್ಲಿ ಅತ್ತಿಗೆ ಒಂದು ಮಾತೂ ಆಡಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ವಿಷಯ ನನ್ನಿಂದ ಕೇಳಿದ ಅಮ್ಮ ಅವಳ ಹತ್ತಿರ ಹೋಗಿ ಕೂತಳು. "ಪಾತ್ರೆ ತಳ ಕೆರೀತೀನಿ ಅಂದ್ಯಂತೆ. ಕೆರೀತೀನಿ, ಸುಳ್ಳೇನಿಲ್ಲ," ಎಂದಳು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಹೋದ ಮಾತಿನ ಹಿಂದೆ ಅಳ್ತಾ ಕೂತ್ರೆ ಆ ಹಕ್ಕಿಗೇನಮ್ಮ ಬಂತು? ನಾಳೆ ಹೋಗು." ಅತ್ತಿಗೆ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು.

ಮೊದಲ ದಿನ. ಬಲೆ ಹೊದಿಸಿದ ದೊಡ್ಡ ಅಂಗಳ. ನಿಲುವಂಗಿಯಿಲ್ಲ, ಜಾಲರಿಯಿಲ್ಲ, ಅತ್ತಿಗೆ ದಿನನಿತ್ಯದ ಬಟ್ಟೆಯಲ್ಲಿ ಮಧ್ಯೆ ನಿಂತಿದ್ದಳು. ಪರದೆಯ ಹಿಂದೆ ನಾನು ನೀರಿನ ಪೈಪು ಹಿಡಿದಿದ್ದೆ. ತಗಡಿನ ಡಬ್ಬ ಬಡಿಯಲು ಯಾರೂ ಹೇಳದೆ ತಾತನೇ ಬಂದಿದ್ದರು. "ನನ್ನ ಸದ್ದು ಇದಕ್ಕಾದ್ರೂ ಬೇಕಾಯ್ತಲ್ಲ," ಎಂದು ಗೊಣಗಿದರು.

"ಬಾ ಬಾ ಬಾ," ಎಂದಳು ಅತ್ತಿಗೆ. "ಬಾ ಕಂದ."

ಅಂಗಳದ ಆ ತುದಿಯಲ್ಲಿದ್ದ ಹಳದಿ ತಲೆಯೆತ್ತಿತು. ಐದು ತಿಂಗಳಾಗಿ ಮತ್ತೂ ಕೆಲವು ದಿನ ಕಳೆದಿದ್ದವು, ಆ ದನಿಯ ಮುಖ ಯಾವುದೆಂದು ಅದಕ್ಕೆ ಗೊತ್ತೇ ಇರಲಿಲ್ಲ. ಆದರೂ ಉದ್ದ ಕಾಲು ಹಾಕುತ್ತ, ಆಮೇಲೆ ಓಡುತ್ತ, ಬಂತು. ಹತ್ತು ಹೆಜ್ಜೆ ದೂರ ಇರುವಾಗ ಡಾಕ್ಟರಮ್ಮ ಕೈ ತೋರಿಸಿದರು. ತಾತ ಡಬ್ಬ ಬಡಿದರು, ನಾನು ನೀರು ಬಿಟ್ಟೆ. ಹಕ್ಕಿ ಬೆಚ್ಚಿಬಿದ್ದಿತು. ಬೆಚ್ಚಿ, ನೆಟ್ಟಗೆ ಓಡಿಹೋಗಿ ಅತ್ತಿಗೆಯ ಹಿಂದೆ ಅಡಗಿ, ಅವಳ ಕಾಲಿಗೆ ಒತ್ತಿಕೊಂಡು ನಿಂತಿತು.

ತಾತನ ಕೈಯಲ್ಲಿದ್ದ ಕೋಲು ಹಾಗೇ ನಿಂತಿತು. ನಾನು ಪೈಪು ಕೆಳಗೆ ಹಾಕಿಬಿಟ್ಟೆ. ಯಾರಿಗೂ ಇದು ಹೊಳೆದಿರಲಿಲ್ಲ, ಡಾಕ್ಟರಮ್ಮನಿಗೂ ಹೊಳೆದಿರಲಿಲ್ಲ. ಅವರು ತಮ್ಮ ಹಣೆಯನ್ನೇ ಒತ್ತಿ ಹಿಡಿದುಕೊಂಡರು.

"ನಾವು ಬೆದರಿಸಿದ್ರೆ ಆಗಲ್ಲ," ಎಂದರು ಕೊನೆಗೆ. "ನೀವೇ ಬೆದರಿಸ್ಬೇಕು. ಕರೆಯೋದೂ ನೀವೇ, ಹೊಡೆಯೋದೂ ನೀವೇ."

ಮರುದಿನ ಅತ್ತಿಗೆ ಒಬ್ಬಳೇ ಅಂಗಳಕ್ಕಿಳಿದಳು, ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಪೊರಕೆ. ಕರೆದಳು. ಬಂತು. ಮುಖಕ್ಕೆ ನೀರು ಹಾರಿಸಿದಳು, ಅದರ ಕಾಲ ಬುಡದಲ್ಲೇ ಪೊರಕೆ ಬಡಿದಳು, ಗಂಟಲು ಹರಿಯುವಂತೆ ಕಿರುಚಿದಳು. ಹಕ್ಕಿ ಎರಡು ಹೆಜ್ಜೆ ಹಿಂದೆ ಹೋಗಿ, ಮೈಯ ನೀರು ಕೊಡವಿ, ಏನೋ ತಪ್ಪಾಗಿರಬೇಕು ಎಂಬಂತೆ ಅವಳನ್ನೇ ನೋಡಿ, ಮತ್ತೆ ಬಂತು. ಅವಳು ಮತ್ತೆ ನೀರು ಹಾರಿಸಿದಳು. ದಿನಕ್ಕೆ ಹತ್ತು ಸಲ. ಪ್ರತಿ ಸಲವೂ ಅದೇ ಪ್ರೀತಿಯ ದನಿಯಲ್ಲೇ ಕರೆಯಬೇಕು, ಇಲ್ಲದಿದ್ದರೆ ಲಾಭವಿಲ್ಲ. ನಾಲ್ಕನೆಯ ದಿನ ನನಗೆ ತಡೆಯಲಾಗದೆ ಪರದೆಯ ಹಿಂದಿನಿಂದ, "ಸಾಕು ಬಿಡೇ, ಪಂಜರದಲ್ಲೇ ಇರ್ಲಿ! ಬದುಕಾದ್ರೂ ಇರುತ್ತಲ್ಲ!" ಎಂದು ಕೂಗಿಬಿಟ್ಟೆ.

ಅತ್ತಿಗೆ ತಿರುಗಿದಳು. ಅವಳ ಮುಖದಲ್ಲಿ ನೀರೆಷ್ಟೋ ಕಣ್ಣೀರೆಷ್ಟೋ. "ಬಾಯ್ಮುಚ್ಚು," ಎಂದಳು. ಹತ್ತು ವರ್ಷದಲ್ಲಿ ಆ ಮಾತನ್ನು ನಾನು ಅವಳಿಗೆ ಸಾವಿರ ಸಲ ಹೇಳಿದ್ದೆ, ಅವಳು ನನಗೆ ಹೇಳಿದ್ದು ಅದೇ ಮೊದಲು. ನಾನು ಬಾಯಿ ಮುಚ್ಚಿಕೊಂಡೆ.

ಏಳನೆಯ ದಿನ ಹಳದಿ ಅರ್ಧ ದಾರಿಗೆ ಬಂದು ನಿಂತಿತು. ಒಂಬತ್ತನೆಯ ದಿನ ಬರಲೇ ಇಲ್ಲ. ಹನ್ನೊಂದನೆಯ ದಿನ, ಅವಳು ಬಾಗಿಲ ಬಳಿ ತಾತನಿಗೆ ಏನೋ ಹೇಳುತ್ತಿದ್ದ ದನಿ ಕೇಳಿದ್ದೇ ತಡ, ಅಂಗಳದ ಕೊನೆಗೆ ಹಾರಿ ಬಲೆಗೆ ರೆಕ್ಕೆ ಬಡಿಯತೊಡಗಿತು. ಡಾಕ್ಟರಮ್ಮನ ಮುಖ ಅರಳಿತು. ಅತ್ತಿಗೆ ಅಲ್ಲೇ ಗೋಡೆಗೆ ಒರಗಿದಳು. ತಾತ ಅವಳ ಕೈಯಿಂದ ಪೊರಕೆ ತೆಗೆದುಕೊಂಡು, "ಇದು ನನ್ನದು," ಎಂದರು. ಅವಳ ಜೊತೆ ಅವರು ಮತ್ತೆ ಮಾತು ಶುರುಮಾಡಿದ್ದು ಹಾಗೆ.

ಅದನ್ನು ಮತ್ತೆ ಜೌಗಿಗೆ ಬಿಟ್ಟ ಎಂಟನೆಯ ದಿನ ಕೊನೆಯ ಪರೀಕ್ಷೆ. ದಂಡೆಯ ಮೇಲೆ ನಾವು ನಾಲ್ವರು. ಆಳೆತ್ತರದ ಜೊಂಡು, ಅದರಾಚೆ ತೆಳು ನೀರಿನಲ್ಲಿ ಕೊಕ್ಕರೆಗಳು ಮೇಯುತ್ತಿದ್ದವು, ಹಳೆಯವೂ ಹೊಸವೂ ಸೇರಿ. ದುರ್ಬೀನಿನಲ್ಲಿ ನೋಡಿದರೆ ಮಾತ್ರ ಹಳದಿ ಬಳೆ ಕಾಣುತ್ತಿತ್ತು. "ಒಂದೇ ಸಲ ಕರೀರಿ," ಎಂದರು ಡಾಕ್ಟರಮ್ಮ. "ಇತ್ತ ಒಂದು ಹೆಜ್ಜೆ ಇಟ್ಟರೂ ವಾಪಸ್ ಹಿಡ್ಕೊಂಡು ಹೋಗ್ಬೇಕಾಗುತ್ತೆ."

ಅತ್ತಿಗೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬಾ ಬಾ ಬಾ," ಎಂದು ಕರೆದಳು. "ಬಾ ಕಂದ."

ಉಳಿದ ಕೊಕ್ಕರೆಗಳು ಕತ್ತೆತ್ತಿ ನೋಡಿದವು. ಅವಕ್ಕೆ ಆ ದನಿಯ ಗುರುತಿರಲಿಲ್ಲ. ಹಳದಿಗೆ ಇತ್ತು. ಎಲ್ಲಕ್ಕಿಂತ ಮೊದಲು ಅದು ನೀರು ಚಿಮ್ಮಿಸಿಕೊಂಡು ಎದ್ದಿತು, ಅದರ ಹಿಂದೆ ಇಡೀ ಹಿಂಡು ಎದ್ದಿತು. ಡಾಕ್ಟರಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದರು. ತಾತ ಟೋಪಿ ತೆಗೆದರು. ಹಿಂಡು ಜೌಗಿನ ನಡುವಿಗೆ ಹೋಗಿ ಮತ್ತೆ ಇಳಿಯುವಂತೆ ಕಂಡಿತು.

ಅತ್ತಿಗೆ ಎರಡು ಹೆಜ್ಜೆ ನೀರಿಗಿಳಿದು ಮತ್ತೆ ಕರೆದಳು. ಈ ಸಲ ಇನ್ನೂ ಜೋರಾಗಿ, ಅದು ಇನ್ನೂ ದೂರ ಹೋಗಲೆಂದು.